ಕಡ್ಲಿ ಹೊಲದ ಕವಿತೆ ಮತ್ತು ನಾದಿನಿಯ ಪ್ರಶ್ನೆ

ಪ್ರಶ್ನೆ: ಅಕ್ಕಾ, ಇಪ್ಪತ್ತು ವರ್ಷದಿಂದ ಬರೆದಿಟ್ಟ ಕವಿತೆಗಳಲ್ಲಿ 48 ಆರಿಸಿ ಮೊದಲ ಸಂಕಲನ ತರಬೇಕೆಂದಿದ್ದೇನೆ. ಎಲ್ಲ ಮಳೆ, ಎರೆಮಣ್ಣು, ಬೆಳೆ, ಅದರ ಜೊತೆಗೇ ಮೈಯ ಮಾತು. ನಾದಿನಿ ಓದಿ, "ಯಾರ ಮ್ಯಾಲ ಬರದೀರಿ ವೈನಿ ಇದನ್ನ?" ಅಂದಳು. ಅವತ್ತಿನಿಂದ ಪೆನ್ನು ಹಿಡಿದು ಸಾಲು ಹೊಡೆದುಹಾಕುತ್ತಿದ್ದೇನೆ. ವಯಸ್ಸು ಬೇರೆ 41. ತಡವಾಯಿತಾ? ಐದು ಕವಿತೆ ಇದರ ಜೊತೆ ಇಟ್ಟಿದ್ದೇನೆ.
– ಓದುಗಿ, ಗದಗ ಜಿಲ್ಲೆ

ಉತ್ತರ: ಮೊದಲು ಆ ಪೆನ್ನು ಕೆಳಗಿಡಿ. ನಾದಿನಿಗೆ "ಮಳಿ ಮ್ಯಾಲ" ಅಂದುಬಿಡಿ, ಸುಳ್ಳೇನಲ್ಲವಲ್ಲ.

ಐದನ್ನೂ ಎರಡೆರಡು ಸಲ ಓದಿದೆ. ಮೂರರಲ್ಲಿ ಮೈಯೂ ಇಲ್ಲ, ಮಣ್ಣೂ ಇಲ್ಲ. ತಂಗಾಳಿ, ಮುತ್ತಿನ ಹನಿ, ಇಳೆಯ ಮಡಿಲು ಇವೆಲ್ಲ ಸ್ಟೀಲ್ ಡಬ್ಬಿ ಇದ್ದ ಹಾಗೆ, ಯಾರ ಹೆಸರು ಕೊರೆಸಿದರೂ ನಡೆಯುತ್ತದೆ. ಹೊಡೆಯುವುದಿದ್ದರೆ ಅವನ್ನು ಹೊಡೆಯಿರಿ.

ಆದರೆ ಆ ಕಡ್ಲಿ ಹೊಲದ ಕವಿತೆ! ಬೆಳಕು ಹರಿಯುವ ಮುಂಚೆ ಹೋಗಿ, ರಾತ್ರಿ ಗಿಡದ ಮೇಲೆ ಹಾಸಿದ್ದ ಬಿಳಿ ಬಟ್ಟೆ ಎತ್ತಿ ಹಿಂಡುವುದು, ಹುಳಿ ನೀರು ಬೆರಳ ಸಂದಿಯಿಂದ ಇಳಿದು ಮುಂಗೈ ಮೇಲೆ ಬಳೆ ಗೀರಿದ ಗಾಯಕ್ಕೆ ತಾಗಿ ಚುರ್ ಅನ್ನುವುದು, ಆಮೇಲೆ ಅವಳು ಸುಮ್ನೆ ಬೆರಳು ನೆಕ್ಕುವುದು. ಪ್ರೇಮದ ಒಂದು ಮಾತೂ ಇಲ್ಲ, ಆದರೂ ನನಗೆ ಬಾಯಲ್ಲಿ ನೀರು ಬಂತು, ಕಿವಿ ಬಿಸಿಯಾಯಿತು. ಕಡ್ಲಿ ಗಿಡದ ಸಣ್ಣ ಸಣ್ಣ ರೋಮಗಳು ಹುಳಿ ಸೂಸುತ್ತವೆ, ಇಬ್ಬನಿ ಅದನ್ನು ಬಟ್ಟೆಗೆ ಇಳಿಸುತ್ತದೆ. ನಮ್ಮ ಕಡೆ ಅದನ್ನು ಶೀಶೆಯಲ್ಲಿ ತುಂಬಿಟ್ಟು ಹೊಟ್ಟೆನೋವಿಗೆ ಕೊಡುತ್ತಿದ್ದರು. (ನಮ್ಮ ಅಜ್ಜಿ ನಾವು ಸುಳ್ಳು ಹೇಳಿದ ಹೊಟ್ಟೆನೋವಿಗೂ ಕೊಡುತ್ತಿದ್ದಳು.) ಆ ಹೊಲದಲ್ಲಿ ನಿಂತವರಿಗೆ ಮಾತ್ರ ಬರುವ ಸಾಲುಗಳು ಅವು. ಅಷ್ಟೆಲ್ಲ ಬರೆದು ಕೊನೆಗೆ "ಪ್ರಕೃತಿಯೇ ಪ್ರೇಯಸಿ" ಅಂತ ಯಾಕೆ ಸೇರಿಸಿದಿರಿ? ಬೆರಳು ನೆಕ್ಕಿದಲ್ಲಿಗೆ ಕವಿತೆ ಮುಗಿದಿತ್ತು.

ವಯಸ್ಸಿನ ಮಾತು. ನಿಮ್ಮದೇ ಜಿಲ್ಲೆಯ ಹೊಂಬಳದ ಚೆನ್ನವೀರ ಕಣವಿಯವರ ಮೊದಲ ಸಂಕಲನ 'ಕಾವ್ಯಾಕ್ಷಿ' 1949ರಲ್ಲಿ ಬಂತು, ಆಗ ಅವರಿಗೆ 21. ನಮ್ಮ ಸಾಧನಕೇರಿಯ ಬೇಂದ್ರೆಯವರ 'ಗರಿ' ಬಂದದ್ದು 1932ರಲ್ಲಿ, ಅವರಿಗೆ 36. ನಿಮ್ಮದು ಇನ್ನೂ ಸ್ವಲ್ಪ ಜಾಸ್ತಿ, ಅಷ್ಟೇ. ಕಡ್ಲಿ ಹಿಂಗಾರಿ ಬೆಳೆ ಅಲ್ವಾ? ಮುಂಗಾರಿಗೆ ಯಾಕೆ ಬಿತ್ತಲಿಲ್ಲ ಅಂತ ಯಾರಾದರೂ ಕೇಳುತ್ತಾರಾ?

ಪ್ರಶ್ನೆ: ಮೇಡಂ, ಈಗಿನ ಕವಿಗಳು, ಅದರಲ್ಲೂ ಹೆಣ್ಣುಮಕ್ಕಳು, ಹೂವು ಗಾಳಿ ಅಂತ ಶುರು ಮಾಡಿ ಮೈಗೆ ಬಂದು ನಿಲ್ಲುತ್ತಾರೆ. ಹಿಂದಿನವರು ಹೀಗೆ ಬರೆಯುತ್ತಿದ್ದರಾ?
– ನಿವೃತ್ತ ಶಿಕ್ಷಕರು, ಹಾವೇರಿ

ಉತ್ತರ: ಬರೆಯುತ್ತಿದ್ದರು ಸರ್, ನೀವೇ ಪಾಠ ಮಾಡಿರುತ್ತೀರಿ. ಪಂಪನಿಗೆ ಬನವಾಸಿ ನೆನಪಾಗುವುದು ಯಾವಾಗ? ತೆಂಕಣ ಗಾಳಿ ಸೋಕಿದಾಗ, ಇಂಪಾದ ಹಾಡು ಕಿವಿಗೆ ಬಿದ್ದಾಗ, ಬಿರಿದ ಮಲ್ಲಿಗೆ ಕಂಡಾಗ. ಊರಿನ ನೆನಪು ಕೂಡ ಮೈಯಿಂದಲೇ ಬರುತ್ತದೆ. ಇದು 10ನೇ ಶತಮಾನದ ಮಾತು. ತನ್ನದು ಪುಲಿಗೆರೆಯ ತಿರುಳ್ಗನ್ನಡ ಅಂದವನು ಅವನು. ಅಂದರೆ ಈಗಿನ ಲಕ್ಷ್ಮೇಶ್ವರ, ನೀವು ಬೆಳಿಗ್ಗೆ ಬಸ್ ಹತ್ತಿದರೆ ಊಟಕ್ಕೆ ಮನೆಗೆ ಬರಬಹುದು. ಅಕ್ಕಮಹಾದೇವಿಯನ್ನಂತೂ ನಾನು ನೆನಪಿಸಬೇಕಿಲ್ಲ. ಗಂಡಸರು ಬರೆದರೆ ಶೃಂಗಾರ ರಸ, ಹೆಣ್ಣುಮಕ್ಕಳು ಬರೆದರೆ "ಹೀಗೆ"?

ಪ್ರಶ್ನೆ: ಮೊದಲ ಕವನ ಸಂಕಲನ ಎಷ್ಟು ಪ್ರತಿ ಹಾಕಿಸಲಿ?
– ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: 200 ಸಾಕು ತಮ್ಮಾ, ಖರ್ಚಾದರೆ ಮತ್ತೆ ಹಾಕಿಸು. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತದೆ, ಪ್ರಕಟಣೆ ನೋಡುತ್ತಿರು. ನಾನು ಹುಮ್ಮಸ್ಸಿನಲ್ಲಿ 1000 ಹಾಕಿಸಿ ಮಂಚದ ಕೆಳಗೆ ಜಾಗ ಇಲ್ಲದಂತೆ ಮಾಡಿಕೊಂಡೆ. ಇನ್ನೊಂದು, ಕರಡು ನೀನೇ ತಿದ್ದು. ನನ್ನ ಪುಸ್ತಕದಲ್ಲಿ 'ಹಸಿ ಮಣ್ಣು' ಅಂತ ಇದ್ದದ್ದು ಪ್ರೆಸ್ಸಿನಲ್ಲಿ 'ಹುಸಿ ಮಣ್ಣು' ಆಗಿತ್ತು. ಒಬ್ಬ ವಿಮರ್ಶಕರು ಆ ಸಾಲನ್ನೇ ಹಿಡಿದು, ಎಂಥ ಹೊಸ ಪ್ರತಿಮೆ ಅಂತ ಅರ್ಧ ಪುಟ ಬರೆದರು. ನಾನು ಬಾಯಿ ಬಿಡಲಿಲ್ಲ.