ರಿಸೆಂಟ್‌ಮೆಂಟ್, ಗ್ರಡ್ಜ್, ಗ್ರೀವೆನ್ಸ್, ಅನ್‌ಫೇರ್: ಎಚ್‌ಆರ್‌ಗೆ ಬರೆಯುವಾಗ ಯಾವುದು?

ನಿಮ್ಮ ಪ್ರಶ್ನೆ ಇಷ್ಟು: ಮಂಗಳೂರಿನ ಕಂಪನಿಯೊಂದರಲ್ಲಿ ನಿಮಗೆ ಸಿಗಬೇಕಿದ್ದ ಪ್ರಮೋಷನ್ ಜೂನಿಯರ್‌ಗೆ ಹೋಗಿದೆ, ಎಚ್‌ಆರ್‌ಗೆ ಇಂಗ್ಲಿಷಿನಲ್ಲಿ ಮೇಲ್ ಹಾಕಬೇಕು, ಈ ಪದಗಳಲ್ಲಿ ಯಾವುದನ್ನು ಬಳಸುವುದು?

ಮೇಲ್‌ಗೆ ಬೇಕಾದ್ದು ಗ್ರೀವೆನ್ಸ್ ಮತ್ತು ಅನ್‌ಫೇರ್. ಉಳಿದವನ್ನು ಸ್ನೇಹಿತರ ಹತ್ತಿರ ಹೇಳಿಕೊಳ್ಳಿ.

ನಮ್ಮ ಕಡೆ ‘ಬೇಜಾರಾಯ್ತು ಮಾರಾಯ್ರೆ’ ಅಂದರೆ ಸಿಟ್ಟು, ನೋವು, ಮುನಿಸು ಎಲ್ಲ ಅದರಲ್ಲೇ ಬಂತು. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಬೇರೆ ಪದ. ತನಗೆ ಅನ್ಯಾಯವಾಗಿದೆ ಅನ್ನಿಸಿ ಒಳಗೊಳಗೇ ಕುದಿಯುವುದು ರಿಸೆಂಟ್‌ಮೆಂಟ್. ಒಬ್ಬ ವ್ಯಕ್ತಿಯ ಮೇಲೆ ಹಳೆಯದನ್ನು ಬಿಡದೆ ಇಟ್ಟುಕೊಂಡದ್ದು ಗ್ರಡ್ಜ್. ಇದು ಹಗೆಗೆ ಹತ್ತಿರ. ಎನ್ವಿ ಬರೀ ಹೊಟ್ಟೆಕಿಚ್ಚು, ಅದಕ್ಕೆ ಅನ್ಯಾಯ ನಡೆದಿರಲೇಬೇಕೆಂದಿಲ್ಲ. ಈ ಮೂರೂ ನಿಮ್ಮ ಮನಸ್ಸಿನ ಸ್ಥಿತಿ ಹೇಳುತ್ತವೆ. ‘ಐ ರಿಸೆಂಟ್ ದಿಸ್ ಡಿಸಿಷನ್’ ಎಂದು ಬರೆದರೆ ಎಚ್‌ಆರ್ ನಿಮ್ಮ ಸ್ವಭಾವವನ್ನು ಪರಿಶೀಲಿಸುತ್ತದೆ, ನಿರ್ಧಾರವನ್ನಲ್ಲ.

ಗ್ರೀವೆನ್ಸ್ ಅಂದರೆ ಕುಂದುಕೊರತೆ, ದಾಖಲಿಸಿ ಪರಿಹಾರ ಕೇಳಬಹುದಾದ ದೂರು. 20 ಅಥವಾ ಹೆಚ್ಚು ಕೆಲಸಗಾರರಿರುವ ಕೈಗಾರಿಕಾ ಸಂಸ್ಥೆಯಲ್ಲಿ ಇದಕ್ಕೊಂದು ಸಮಿತಿ ಇರಬೇಕೆಂದು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಹೇಳುತ್ತದೆ. (ಮ್ಯಾನೇಜರ್ ಕೆಲಸದಲ್ಲಿರುವವರು ಅದರ ವ್ಯಾಪ್ತಿಗೆ ಬರುವುದಿಲ್ಲ, ಅವರಿಗೆ ಕಂಪನಿಯ ಪಾಲಿಸಿಯೇ ಗತಿ.) ಬರೆಯುವುದು ಹೀಗೆ: ‘ಐ ವಿಶ್ ಟು ರೈಸ್ ಎ ಗ್ರೀವೆನ್ಸ್ ಅಬೌಟ್ ದ ಪ್ರಮೋಷನ್ ಡಿಸಿಷನ್’. ಮುಂದಿನ ಸಾಲಿನಲ್ಲೇ ತಾರೀಕು, ಯಾವ ಮಾನದಂಡ, ಅದು ಇಬ್ಬರಿಗೂ ಹೇಗೆ ಬೇರೆಯಾಗಿ ಅನ್ವಯವಾಯಿತು ಎಂಬುದು ಬರಲಿ. ಆಗ ಮಾತ್ರ ಅನ್‌ಫೇರ್ ಎಂಬ ಮಾತಿಗೆ ಬೆಲೆ. ಬರೀ ಅನ್‌ಫೇರ್ ಅಂದರೆ ಗೊಣಗಿದಂತೆ ಕೇಳಿಸುತ್ತದೆ.

ಅನ್‌ಜಸ್ಟ್ ಇನ್ನೂ ಭಾರದ ಪದ. ಶಿಕ್ಷೆ, ಕಾನೂನು, ತೀರ್ಪಿಗೆ ಸಲ್ಲುತ್ತದೆ. ಶಿಫ್ಟ್ ಹಂಚಿಕೆಗೆ ಹಾಕಿದರೆ ಓದುವವರಿಗೆ ನಗು ಬಂದೀತು. ಪಾರ್ಶಿಯಲ್‌ನಲ್ಲಿ ಬೇರೆ ತೊಡಕು: ಪಕ್ಷಪಾತ, ಭಾಗಶಃ ಎಂಬ ಎರಡು ಅರ್ಥ ಇರುವುದರಿಂದ ‘ಪಾರ್ಶಿಯಲ್ ಅಸೆಸ್‌ಮೆಂಟ್’ ಅಂದರೆ ಅರ್ಧಂಬರ್ಧ ಮೌಲ್ಯಮಾಪನ ಎಂದೇ ಓದುತ್ತಾರೆ. ಪಕ್ಷಪಾತ ಎನ್ನಲು ಬಯಾಸ್ಡ್ ಬರೆಯಿರಿ. ‘ಹೀ ಈಸ್ ಬಯಾಸ್’ ತಪ್ಪು, ಕೊನೆಯ ‘ಡ್’ ಬಿಡಬೇಡಿ. ಆದರೆ ಪುರಾವೆ ಇಲ್ಲದೆ ಯಾರನ್ನೂ ಬಯಾಸ್ಡ್ ಎನ್ನಬೇಡಿ, ಅದು ನೇರ ಆರೋಪ.

ವ್ಯಾಕರಣದಲ್ಲಿ ಹೆಚ್ಚು ಎಡವುವುದು ರಿಸೆಂಟ್‌ನಲ್ಲಿ. ಅದರ ಮುಂದೆ ‘ಟು’ ಬರುವುದಿಲ್ಲ: ‘ಐ ರಿಸೆಂಟ್ ಬೀಯಿಂಗ್ ಇಗ್ನೋರ್ಡ್’ ಸರಿ, ‘ಐ ರಿಸೆಂಟ್ ಟು ಬಿ ಇಗ್ನೋರ್ಡ್’ ತಪ್ಪು. ಗ್ರಡ್ಜ್ ಜೊತೆ ಬೇರ್ ಅಥವಾ ಹೋಲ್ಡ್, ಆಮೇಲೆ ‘ಅಗೇನ್‌ಸ್ಟ್’. ಬಿಗ್ರಡ್ಜ್ ಮಾತ್ರ ನಿಮ್ಮ ಮೇಲ್‌ನಲ್ಲೂ ಒಂದು ಕಡೆ ಉಪಯೋಗಕ್ಕೆ ಬರುತ್ತದೆ: ‘ಐ ಡೋಂಟ್ ಬಿಗ್ರಡ್ಜ್ ಹಿಮ್ ದ ಪ್ರಮೋಷನ್’, ಅಂದರೆ ಅವನಿಗೆ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಯುರಿಯಿಲ್ಲ. ಇಲ್ಲಿ ‘ಹಿಮ್’ ಮತ್ತು ‘ದ ಪ್ರಮೋಷನ್’ ನಡುವೆ ‘ಫಾರ್’ ಬೇಡ. ಜೂನಿಯರ್ ಜೊತೆ ನಾಳೆಯೂ ಕೆಲಸ ಮಾಡಬೇಕಲ್ಲ, ಈ ಸಾಲು ಇರಲಿ.

ಇದೇ ಅನ್‌ಫೇರ್ ಗ್ರಾಹಕರ ದೂರಿನಲ್ಲಿ ಬಂದರೆ ಜಾಗವೇ ಬದಲಾಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಅನ್‌ಫೇರ್ ಟ್ರೇಡ್ ಪ್ರಾಕ್ಟೀಸ್’ (ಮೋಸದ ವ್ಯಾಪಾರ ಪದ್ಧತಿ) ದೂರನ್ನು ಮಂಗಳೂರು, ಉಡುಪಿಯ ಜಿಲ್ಲಾ ಆಯೋಗದಲ್ಲೇ ಹಾಕಬಹುದು; ‘ಅನ್‌ಫೇರ್ ಕಾಂಟ್ರಾಕ್ಟ್’ (ಗ್ರಾಹಕರಿಗೆ ಅನ್ಯಾಯವಾಗುವಂಥ ಕರಾರು) ಅಂದಿರೋ, ಬೆಂಗಳೂರಿನ ರಾಜ್ಯ ಆಯೋಗಕ್ಕೆ ಹೋಗಬೇಕು.