ಊದದೇ ಮಾಡಿದ ಬಾಟಲಿ

ಪತ್ರ: ಕಳೆದ ಸಂಚಿಕೆಯಲ್ಲಿ ಗ್ರೀಕರ ಸುಗಂಧ ತೈಲದ ಗಾಜಿನ ಬಾಟಲಿಯ ಚಿತ್ರ ಹಾಕಿದ್ದೀರಿ. ಕೆಳಗೆ ‘ಕ್ರಿ.ಪೂ. 5ನೇ ಶತಮಾನ, ಊದಿ ಮಾಡಿದ ಗಾಜು, ಮೇಲೆ ಬಣ್ಣದ ಚಿತ್ತಾರ’ ಎಂದಿದೆ. ಅಷ್ಟು ಹಿಂದೆ ಗಾಜು ಊದುವುದು ಗೊತ್ತಿತ್ತಾ? ಅಲ್ಲದೆ ಬಾಟಲಿಯ ತಳ ಮೊಟ್ಟೆಯ ಹಾಗೆ ದುಂಡಗಿದೆ. ನಿಲ್ಲಿಸುತ್ತಿದ್ದುದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ಗೊತ್ತಿರಲಿಲ್ಲ. ತಪ್ಪು ನಮ್ಮದೇ. ಗಾಜು ಅಂದ ಕೂಡಲೇ ಊದುವ ಕೊಳವೆ ನೆನಪಾಗುತ್ತದೆ ಅಲ್ವಾ, ಆ ಗುಂಗಿನಲ್ಲೇ ಅಡಿಬರಹ ಬರೆದುಬಿಟ್ಟೆವು. ಊದುವ ವಿದ್ಯೆ ಶುರುವಾಗಿದ್ದು ಕ್ರಿ.ಪೂ. 1ನೇ ಶತಮಾನದಲ್ಲಿ, ಮೆಡಿಟರೇನಿಯನ್ ಸಮುದ್ರದ ಪೂರ್ವ ಕರಾವಳಿಯಲ್ಲಿ. ಈ ಬಾಟಲಿ ಅದಕ್ಕಿಂತ 300–400 ವರ್ಷ ಹಳೆಯದು.

ಹಾಗಾದರೆ ಮಾಡಿದ್ದು ಹೇಗೆ? ಲೋಹದ ಸರಳಿನ ತುದಿಗೆ ಮಣ್ಣು, ಮರಳು, ಸಗಣಿ ಕಲಸಿದ ಮುದ್ದೆ ಮೆತ್ತುತ್ತಿದ್ದರು. ಬಾಟಲಿಯ ಒಳಗಿನ ಟೊಳ್ಳಿಗೆ ಆ ಮುದ್ದೆಯೇ ಅಚ್ಚು. ಅದರ ಮೇಲೆ ಕರಗಿದ ಗಾಜನ್ನು ಸುತ್ತುತ್ತಿದ್ದರು. ಸುತ್ತುತ್ತಿರಲಿಲ್ಲ, ಮುದ್ದೆಯನ್ನೇ ಗಾಜಿನಲ್ಲಿ ಅದ್ದುತ್ತಿದ್ದರು ಎನ್ನುವವರೂ ಇದ್ದಾರೆ. ಆ ವಾದ ಇನ್ನೂ ಮುಗಿದಿಲ್ಲ. ಆಮೇಲೆ ನಯವಾದ ಕಲ್ಲಿನ ಮೇಲೆ ಉರುಳಿಸಿ ಮೈ ಸಮ ಮಾಡುವುದು. ಮೈಯ ಆ ಕಡು ನೀಲಿ ಕೋಬಾಲ್ಟ್ ಎಂಬ ಲೋಹದಿಂದ ಬಂದದ್ದು.

ಇನ್ನು ಚಿತ್ತಾರ. ಅದನ್ನು ‘ಬಣ್ಣ’ ಎಂದದ್ದು ನಮ್ಮ ಎರಡನೇ ತಪ್ಪು. ಅಲ್ಲಿರುವುದೂ ಗಾಜೇ. ಹಳದಿ, ಬಿಳಿ, ತಿಳಿ ನೀಲಿ ಗಾಜಿನ ಎಳೆಗಳನ್ನು ಬಿಸಿ ಮೈಗೆ ಉಂಗುರ ಉಂಗುರವಾಗಿ ಸುತ್ತಿ, ಅವು ಗಟ್ಟಿಯಾಗುವ ಮೊದಲೇ ಚೂಪು ಕೊಕ್ಕೆಯಿಂದ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಎಳೆಯುತ್ತಿದ್ದರು. ನೇರ ಗೆರೆ ಅಂಕುಡೊಂಕಾಗುತ್ತಿತ್ತು, ಹಕ್ಕಿಯ ಗರಿಯ ಹಾಗೆ. ಚಿತ್ರವನ್ನು ಇನ್ನೊಮ್ಮೆ ನೋಡಿ: ಕತ್ತಿನ ಹತ್ತಿರ ಹಳದಿ ಉಂಗುರಗಳು ನೇರವಾಗಿಯೇ ಉಳಿದಿವೆ. ಕೊಕ್ಕೆ ಅಲ್ಲಿ ತಾಗಿಲ್ಲ. ಕೊನೆಗೆ ಬಾಯಿಯ ಅಂಚು, ಪುಟ್ಟ ಕಿವಿಗಳನ್ನು ಅಂಟಿಸಿ, ನಿಧಾನವಾಗಿ ಆರಲು ಬಿಟ್ಟು, ಒಳಗಿನ ಮಣ್ಣನ್ನು ಕೆರೆದು ತೆಗೆಯುತ್ತಿದ್ದರು. ಇಷ್ಟು ಸಣ್ಣ ಬಾಯಲ್ಲಿ ಪೂರ್ತಿ ಎಲ್ಲಿ ಬರುತ್ತೆ! ಹಲವು ಬಾಟಲಿಗಳ ಒಳಗೆ ಆ ಮಣ್ಣಿನ ಪದರ ಇಂದಿಗೂ ಅಂಟಿಕೊಂಡಿದೆ.

ಈ ವಿದ್ಯೆ ಗ್ರೀಕರೇ ಕಂಡುಹಿಡಿದದ್ದೇನಲ್ಲ. ಕ್ರಿ.ಪೂ. 1500ರ ಸುಮಾರಿಗೇ ಮೆಸೊಪೊಟೇಮಿಯಾ, ಈಜಿಪ್ಟ್‌ಗಳಲ್ಲಿ ಇತ್ತು. ನಡುವೆ ಮಂಕಾಗಿ, ಕ್ರಿ.ಪೂ. 6ನೇ ಶತಮಾನದಲ್ಲಿ ಮತ್ತೆ ಚಿಗುರಿತು. ಗ್ರೀಸಿನ ರೋಡ್ಸ್ ದ್ವೀಪ ಮುಖ್ಯ ಕೇಂದ್ರವಾಗಿದ್ದಿರಬಹುದು ಎನ್ನುತ್ತಾರೆ.

ತಳದ ವಿಷಯಕ್ಕೆ ಬರೋಣ. ಈ ಆಕಾರಕ್ಕೆ ಅಲಬಾಸ್ಟ್ರಾನ್ ಎಂದು ಹೆಸರು. ಅಲಬಾಸ್ಟರ್ ಕಲ್ಲಿನ ಪಾತ್ರೆಯನ್ನು ನೋಡಿ ಮಾಡಿದ್ದು. ಇದನ್ನು ಮೇಜಿನ ಮೇಲೆ ನಿಲ್ಲಿಸಬೇಕಾಗಿಯೇ ಇರಲಿಲ್ಲ. ಬೇಕಾದರೆ ದಾರ ಕಟ್ಟಿ ತೂಗುಹಾಕಬಹುದು, ಪುಟ್ಟ ಆಸರೆಯಲ್ಲಿ ಕೂರಿಸಬಹುದು, ಇಲ್ಲವೇ ಸುಮ್ನೆ ಕೈಯಲ್ಲಿ ಹಿಡಿದುಕೊಳ್ಳಬಹುದು. ಎತ್ತರವೂ ಜಾಸ್ತಿಯಿಲ್ಲ, 10 ಸೆಂ.ಮೀ. ಆಸುಪಾಸು. ಒಳಗಿದ್ದುದು ಇಂದಿನ ಸೆಂಟಿನಂತೆ ಸ್ಪಿರಿಟ್ ಬೆರೆಸಿದ್ದಲ್ಲ, ಗುಲಾಬಿಯ ಹೂವನ್ನೋ ಐರಿಸ್ ಗಿಡದ ಬೇರನ್ನೋ ಹಾಕಿ ಪರಿಮಳ ಹಿಡಿಸಿದ ಎಣ್ಣೆ. ಬಾಯಿ ಕಿರಿದು, ಅಂಚು ತಟ್ಟೆಯಂತೆ ಅಗಲ. ಬಗ್ಗಿಸಿದರೆ ನಾಲ್ಕು ಹನಿ ಬಂದು ಅಂಚಿನ ಮೇಲೆ ನಿಲ್ಲುತ್ತಿತ್ತು. ಅದನ್ನೇ ಮೈಗೆ ಸವರಿಕೊಳ್ಳಬಹುದಿತ್ತು.

ಅಂದಹಾಗೆ, ಸುಗಂಧ ಕೆಡದಿರಲು ಸೀಸದ ಪಾತ್ರೆ, ಅಲಬಾಸ್ಟರ್ ಕುಪ್ಪಿ ಒಳ್ಳೆಯದು ಎಂದು ಗ್ರೀಕ್ ಪಂಡಿತ ಥಿಯೊಫ್ರಾಸ್ಟಸ್ ಬರೆದಿದ್ದಾನೆ. ಅವು ತಂಪು ಅನ್ನುವುದು ಅವನ ಕಾರಣ.

ತಿದ್ದಿದ ಅಡಿಬರಹ ಹೀಗಿರಲಿ: ‘ಕ್ರಿ.ಪೂ. 5ನೇ ಶತಮಾನ, ಮಣ್ಣಿನ ತಿರುಳಿನ ಮೇಲೆ ರೂಪಿಸಿದ ಗಾಜು, ಗಾಜಿನ ಎಳೆಗಳದೇ ಚಿತ್ತಾರ.’
– ಸಂ.