ಬೆಟ್ಟದ ಬೇಟೆಗೆ ಹಗುರ ರೈಫಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವನು. ಅಮೆರಿಕದ ಕೊಲೊರಾಡೊದಲ್ಲಿ ನೆಲೆಸಿದ್ದೇನೆ. ಗ್ರೀನ್ ಕಾರ್ಡ್ ಇದೆ, ಬೇಟೆಗಾರರ ಕಡ್ಡಾಯ ತರಬೇತಿಯನ್ನೂ ಮುಗಿಸಿದ್ದೇನೆ. ಈ ಸಲ ಸಹೋದ್ಯೋಗಿಗಳ ಜೊತೆ ಮ್ಯೂಲ್ ಜಿಂಕೆ ಮತ್ತು ಹೆಣ್ಣು ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೋಗುವವನಿದ್ದೇನೆ. ಊರಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ತೆಂಗಿನಕಾಯಿಗೆ ಗುರಿಯಿಟ್ಟದ್ದನ್ನು ಬಿಟ್ಟರೆ ನನಗೆ ಕೋವಿಯ ಅನುಭವ ಕಡಿಮೆ. ಅಂಗಡಿಯಲ್ಲಿ ಎರಡೂವರೆ ಕೆಜಿಗಿಂತ ಕಡಿಮೆ ತೂಗುವ ಬೋಲ್ಟ್ ಆಕ್ಷನ್ (ಪ್ರತಿ ಈಡಿಗೂ ಕೈಯಿಂದ ಹಿಡಿಕೆ ಎಳೆದು ತೋಟೆ ತುಂಬುವ) ರೈಫಲ್ ತೋರಿಸಿ, ಬೆಟ್ಟಕ್ಕೆ ಇದೇ ಸರಿ ಎನ್ನುತ್ತಾರೆ. ಹಗುರವಾದಷ್ಟೂ ಒಳ್ಳೆಯದೇ? ಯಾವ ತೋಟೆ, ಯಾವ ರೈಫಲ್ ಆರಿಸಲಿ?
— ಒಬ್ಬ ಓದುಗರು, ಡೆನ್ವರ್

ಉತ್ತರ: ಹಗುರವಾದಷ್ಟೂ ಒಳ್ಳೆಯದಲ್ಲ. ಕೊಲೊರಾಡೊದ ಎಲ್ಕ್ ಬೇಟೆ ಎಷ್ಟೋ ಸಲ ಸಮುದ್ರಮಟ್ಟದಿಂದ 2,700–3,300 ಮೀಟರ್ ಎತ್ತರದಲ್ಲಿ ನಡೆಯುತ್ತದೆ. ಅಲ್ಲಿ ಉಸಿರು ಸಾಲದೆ ಏದುವಾಗ ಹೆಗಲ ಮೇಲಿನ ಪ್ರತಿ ನೂರು ಗ್ರಾಮೂ ಅರಿವಿಗೆ ಬರುವುದರಿಂದ, ಅಂಗಡಿಯವರ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಆದರೆ ದಿನವಿಡೀ ಹೊತ್ತ ರೈಫಲ್ಲಿನಿಂದ ಕೊನೆಗೆ ಒಂದು ಈಡನ್ನು ಸರಿಯಾಗಿ ಹೊಡೆಯಬೇಕು, ಮತ್ತು ಆ ಒಂದು ಈಡು ತಪ್ಪಿದರೆ ನೋವು ತಿನ್ನುವುದು ಪ್ರಾಣಿ. ಆದ್ದರಿಂದ ಸ್ಕೋಪ್ (ಗುರಿಯಿಡುವ ದೂರದರ್ಶಕ), ಅದನ್ನು ಹಿಡಿದಿಡುವ ಉಂಗುರಗಳು, ಹೆಗಲ ಪಟ್ಟಿ ಮತ್ತು ತೋಟೆಗಳೆಲ್ಲ ಸೇರಿ ಸುಮಾರು ಮೂರೂವರೆ ಕೆಜಿ ತೂಗುವ ರೈಫಲ್ ನಿಮಗೆ ತಕ್ಕದ್ದು ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಕೆಳಗಿಳಿಯುವುದನ್ನು ಕೆಲವು ವರ್ಷ ಚೆನ್ನಾಗಿ ಪಳಗಿದ ಮೇಲೆ ಯೋಚಿಸಬಹುದು.

ಇದಕ್ಕೆ ಮೊದಲ ಕಾರಣ ಒದೆತ, ಅಂದರೆ ಗುಂಡು ಹಾರಿದಾಗ ರೈಫಲ್ ಹೆಗಲನ್ನು ಹಿಂದಕ್ಕೆ ತಳ್ಳುವ ಪೆಟ್ಟು. ಒಂದೇ ತೋಟೆಯನ್ನು ಎರಡು ರೈಫಲ್‌ಗಳಲ್ಲಿ ಹಾರಿಸಿದಾಗ ಒದೆತದ ಶಕ್ತಿ ರೈಫಲ್ಲಿನ ತೂಕಕ್ಕೆ ವಿಲೋಮವಾಗಿರುತ್ತದೆ. 3.6 ಕೆಜಿಯ ರೈಫಲ್ಲಿನ ಬದಲು 2.7 ಕೆಜಿಯದನ್ನು ಹಿಡಿದರೆ ಒದೆತ ಮೂರರಲ್ಲೊಂದು ಪಾಲು ಹೆಚ್ಚುತ್ತದೆ, ಜೊತೆಗೆ ಅದು ಹೆಚ್ಚು ರಭಸದಿಂದ ಹೆಗಲಿಗೆ ಬಡಿಯುತ್ತದೆ. ಹೊಸಬರು ಹತ್ತು ಹದಿನೈದು ಈಡು ಹೊಡೆಯುವಷ್ಟರಲ್ಲಿ ದೇಹವು ಪೆಟ್ಟನ್ನು ಮೊದಲೇ ನಿರೀಕ್ಷಿಸಲು ಕಲಿತುಬಿಡುತ್ತದೆ: ಟ್ರಿಗರ್ ಪೂರ್ತಿ ಒತ್ತುವ ಮೊದಲೇ ಕಣ್ಣು ಮುಚ್ಚುತ್ತದೆ, ಹೆಗಲು ಮುದುಡುತ್ತದೆ, ನಳಿಗೆಯ ತುದಿ ಪಕ್ಕಕ್ಕೆ ಸರಿಯುತ್ತದೆ. ಒಮ್ಮೆ ಅಂಟಿದ ಈ ಅಭ್ಯಾಸವನ್ನು ಬಿಡಿಸುವುದು ಬಹಳ ಕಷ್ಟ. ನಳಿಗೆಯ ತುದಿಗೆ ಬ್ರೇಕ್ (ಸಿಡಿತದ ಅನಿಲವನ್ನು ಪಕ್ಕಕ್ಕೆ ಬಿಡುವ ಸಾಧನ) ಕೂರಿಸಿದರೆ ಒದೆತ ಇಳಿಯುವುದು ನಿಜವಾದರೂ ಅದು ಸದ್ದನ್ನು ಹೊಡೆಯುವವನ ಮತ್ತು ಪಕ್ಕದವರ ಕಿವಿಯತ್ತ ತಿರುಗಿಸುವುದರಿಂದ, ಬೇಟೆಯ ರೈಫಲ್ಲಿಗೆ ಅದನ್ನು ನಾನು ಸಲಹೆ ಮಾಡುವುದಿಲ್ಲ.

ಎರಡನೆಯ ಕಾರಣ ಅಲುಗಾಟ. ಏರು ಹತ್ತಿ ಬಂದವನ ಎದೆಬಡಿತ ತೋಳಿನ ಮೂಲಕ ರೈಫಲ್ಲಿಗೆ ಇಳಿಯುತ್ತದೆ. ನಳಿಗೆಯ ಮುಂಭಾಗದಲ್ಲಿ ಒಂದಿಷ್ಟು ತೂಕವಿದ್ದರೆ ಆ ನಡುಕ ಅಲ್ಲೇ ಅಡಗುತ್ತದೆ, ಇಲ್ಲದಿದ್ದರೆ ಸ್ಕೋಪಿನ ಗೆರೆಗಳು ಪ್ರಾಣಿಯ ಮೈಮೇಲೆ ಒಂದೇ ಕಡೆ ನಿಲ್ಲುವುದಿಲ್ಲ. ಟ್ರಿಗರ್ ಬಿಗಿಯಾಗಿದ್ದರಂತೂ ಹಗುರ ರೈಫಲ್ಲನ್ನು ಬೆರಳೇ ಎಳೆದು ಸರಿಸಿಬಿಡುತ್ತದೆ. ಹೀಗಾಗಿ ತೂಕ ಇಳಿದಷ್ಟೂ ಟ್ರಿಗರ್ ಮೆತ್ತಗೆ, ನಯವಾಗಿ ಇರಬೇಕಾಗುತ್ತದೆ; ಸುಮಾರು 1.2ರಿಂದ 1.4 ಕೆಜಿಯ ಒತ್ತಡಕ್ಕೆ ಬಿಡುವ ಟ್ರಿಗರ್ ಬೇಟೆಗೆ ಹೊಂದುತ್ತದೆ.

ಹಾಗಾದರೆ ತೂಕವನ್ನು ಎಲ್ಲಿ ಉಳಿಸಬೇಕು? ನಾನು ಮೊದಲು ನೋಡುವುದು ಸ್ಕೋಪನ್ನು. ದೂರದ ಗುರಿ ಸ್ಪರ್ಧೆಗಳಿಗೆಂದು ಮಾಡಿದ ದಪ್ಪ ಕೊಳವೆಯ ಸ್ಕೋಪ್ 700 ಗ್ರಾಂ ದಾಟುವುದು ಸಾಮಾನ್ಯ, ಆದರೆ 3ರಿಂದ 9 ಪಟ್ಟು ಹಿಗ್ಗಿಸುವ, 40 ಮಿಲಿಮೀಟರ್ ಮಸೂರದ ಸಾದಾ ಸ್ಕೋಪ್ 350 ಗ್ರಾಂ ಆಸುಪಾಸಿನಲ್ಲೇ ಸಿಗುತ್ತದೆ ಮತ್ತು 300 ಮೀಟರ್ ಒಳಗಿನ ಬೇಟೆಗೆ ಅದು ಧಾರಾಳವಾಗಿ ಸಾಕು. ಎರಡೂವರೆ ಕೆಜಿಯೊಳಗಿನ ರೈಫಲ್ಲಿಗೆ ಹೆಚ್ಚು ಹಣ ತೆತ್ತು, ಅದರ ಮೇಲೆ ಮುಕ್ಕಾಲು ಕೆಜಿಯ ಸ್ಕೋಪ್ ಕೂರಿಸಿಕೊಳ್ಳುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆಮೇಲೆ ಸ್ಟಾಕ್, ಅಂದರೆ ಹೆಗಲಿಗೆ ಆನಿಸುವ ಭಾಗ. ವೆಸ್ಟ್ ವರ್ಜೀನಿಯಾದ ರೈಫಲ್ ತಯಾರಕ ಮೆಲ್ವಿನ್ ಫೋರ್ಬ್ಸ್ ಅವರು 1980ರ ದಶಕದಲ್ಲಿ ಕೆವ್ಲಾರ್ ಮತ್ತು ಗ್ರಾಫೈಟ್ ನಾರಿನಿಂದ ಅರ್ಧ ಕೆಜಿಗೂ ಕಡಿಮೆ ತೂಕದ, ಆದರೆ ಬಾಗದ ಸ್ಟಾಕ್ ಮಾಡಿ ತೋರಿಸಿದರು. ಉಕ್ಕನ್ನು ಅಲ್ಲಲ್ಲಿ ಕೊರೆದು ತೂಕ ಇಳಿಸುವ ದಾರಿಯನ್ನು ಅವರು ಹಿಡಿಯಲಿಲ್ಲ. ತೋಟೆಯ ಉದ್ದಕ್ಕೆ ತಕ್ಕಷ್ಟೇ ಗಾತ್ರದ ಆಕ್ಷನ್ (ತೋಟೆಯನ್ನು ನಳಿಗೆಗೆ ತಳ್ಳಿ ಸಿಡಿಸುವ ಭಾಗ) ಮಾಡಿ, ಉಳಿತಾಯದ ದೊಡ್ಡ ಪಾಲನ್ನು ಸ್ಟಾಕ್‌ನಿಂದ ತೆಗೆದರು. ಅದರಿಂದಾಗಿ ನಳಿಗೆಗೆ ಬೇಕಾದಷ್ಟು ಉಕ್ಕನ್ನು ಉಳಿಸಿಕೊಳ್ಳಲು ಸಾಧ್ಯವಾಯಿತು. ಈ ವಿವೇಕ ಇಂದಿಗೂ ಅನುಸರಿಸತಕ್ಕದ್ದು.

ನಳಿಗೆಯ ವಿಷಯದಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ. ತೀರ ತೆಳು ನಳಿಗೆ ಮೂರು ನಾಲ್ಕು ಈಡಿಗೆ ಕಾದು ಗುರಿಯನ್ನು ಸರಿಸಬಹುದು. ಬೇಟೆಯಲ್ಲಿ ತಣ್ಣಗಿನ ನಳಿಗೆಯ ಮೊದಲ ಈಡೇ ಮುಖ್ಯವಾದ್ದರಿಂದ ಅದನ್ನು ಸಹಿಸಿಕೊಳ್ಳಬಹುದಾದರೂ, ಅಭ್ಯಾಸದ ಮೈದಾನದಲ್ಲಿ ಅದು ಹೊಸಬರನ್ನು ಗೊಂದಲಕ್ಕೆ ಕೆಡವುತ್ತದೆ. 22 ಅಂಗುಲದ ನಳಿಗೆ ಒಳ್ಳೆಯ ಅಳತೆ.

ಇನ್ನು ತೋಟೆ. ಕೊಲೊರಾಡೊದ ನಿಯಮದಂತೆ ಎಲ್ಕ್ ಬೇಟೆಗೆ ಕನಿಷ್ಠ .24 ಕ್ಯಾಲಿಬರ್‌ನ (ಅಂದರೆ 0.24 ಅಂಗುಲ ಅಡ್ಡಳತೆಯ), ಕನಿಷ್ಠ 85 ಗ್ರೇನ್ (ಸುಮಾರು 5.5 ಗ್ರಾಂ) ತೂಕದ, ಬಡಿದಾಗ ಅರಳುವ ಗುಂಡು ಇರಬೇಕು, ಮತ್ತು 100 ಗಜದಲ್ಲಿ ಅದಕ್ಕೆ 1,000 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು. ಆದರೆ ಹೆಣ್ಣು ಎಲ್ಕ್ ಕೂಡ ಇನ್ನೂರು ಕೆಜಿ ಮೀರುವ ಪ್ರಾಣಿ. ಕಾನೂನಿನ ಕನಿಷ್ಠಕ್ಕೆ ಅಂಟಿಕೊಳ್ಳುವುದು ತರವಲ್ಲ. ಹಗುರ ರೈಫಲ್ಲಿಗೆ .30-06 ಅಥವಾ ಇನ್ನೂ ಬಲವಾದ ಮ್ಯಾಗ್ನಮ್ ತೋಟೆಗಳ ಒದೆತ ಹೊಸಬರಿಗೆ ಅತಿಯಾಗುತ್ತದೆ. 1980ರಲ್ಲಿ ಬಂದ 7 ಎಂಎಂ-08 ರೆಮಿಂಗ್ಟನ್ 140 ಗ್ರೇನ್ ಗುಂಡಿನೊಂದಿಗೆ ನನಗೆ ಅತ್ಯಂತ ಇಷ್ಟವಾದ ತೋಟೆ, ಆದರೆ ಎಲ್ಲ ಅಂಗಡಿಗಳಲ್ಲಿ ಅದು ಸಿಗುವುದಿಲ್ಲ. 2007ರಲ್ಲಿ ಬಂದ 6.5 ಕ್ರೀಡ್‌ಮೂರ್ ಮತ್ತು 1952ರ .308 ವಿಂಚೆಸ್ಟರ್ ಸುಲಭವಾಗಿ ಸಿಗುತ್ತವೆ. ಇವೆರಡರಲ್ಲಿ ಮೊದಲಿನದರ ಒದೆತ ಕಡಿಮೆ. ನೀವು 6.5 ಕ್ರೀಡ್‌ಮೂರ್ ಆರಿಸಿ, ಒಳಹೊಕ್ಕಮೇಲೂ ಚೂರಾಗದ ಒಳ್ಳೆಯ ಗುಂಡನ್ನು ಬಳಸಿ, ಎಲ್ಕ್ ಮೇಲೆ 250 ಮೀಟರ್ ಮೀರಿ ಹೊಡೆಯದಿದ್ದರೆ ಸಾಕು.

ರೈಫಲ್ಲುಗಳಲ್ಲಿ ಫಿನ್ಲೆಂಡಿನ ಟಿಕ್ಕಾ ಟಿ3ಎಕ್ಸ್ ಲೈಟ್ ಅನ್ನು ಮೊದಲು ಕೈಯಲ್ಲಿ ಹಿಡಿದು ನೋಡಿ. ಸ್ಕೋಪ್ ಇಲ್ಲದೆ ಮೂರು ಕೆಜಿಯೊಳಗಿದ್ದು, ಬೋಲ್ಟ್ ನಯವಾಗಿ ಜಾರುತ್ತದೆ, ಟ್ರಿಗರನ್ನು ನಿಮಗೆ ಬೇಕಾದಂತೆ ಹೊಂದಿಸಬಹುದು. ಎಲ್ಲ ತೋಟೆಗಳಿಗೂ ಒಂದೇ ಉದ್ದದ ಆಕ್ಷನ್ ಬಳಸುವುದರಿಂದ ಗಿಡ್ಡ ತೋಟೆಯ ಲಾಭ ಇದರಲ್ಲಿ ಪೂರ್ತಿ ದಕ್ಕುವುದಿಲ್ಲ, ಆದರೂ ಕೊಟ್ಟ ಬೆಲೆಗೆ ಇದು ನಂಬಿಕೆಯ ರೈಫಲ್. ರುಗರ್ ಅಮೆರಿಕನ್ ಇನ್ನೂ ಅಗ್ಗ, ಕೆಲಸಕ್ಕೆ ಬರುತ್ತದೆ. ಕಿಂಬರ್ 84ಎಂ ಮೊಂಟಾನಾದಂಥ ಎರಡೂವರೆ ಕೆಜಿಯೊಳಗಿನ ರೈಫಲ್ ಸೊಗಸಾದದ್ದು. ನುರಿತ ಕೈಗಳಿಗೆ ಅದು ಮೀಸಲಿರಲಿ. ಕೊಂಡ ಮೇಲೆ ಮೇಜಿನ ಆಸರೆಯಲ್ಲಷ್ಟೇ ಹೊಡೆಯದೆ, ಕುಳಿತು ಮತ್ತು ಮಂಡಿಯೂರಿ ಅಭ್ಯಾಸ ಮಾಡಿ. ಕುಳಿತು ಹೊಡೆದ ಐದು ಈಡುಗಳೂ 20 ಸೆಂಟಿಮೀಟರ್ ಅಗಲದ ವೃತ್ತದೊಳಗೆ ಬೀಳುವ ದೂರ ಎಷ್ಟೋ ಅಷ್ಟೇ ನಿಮ್ಮ ಮಿತಿ. ಅದು 150 ಮೀಟರ್ ಆಗಿದ್ದರೆ ಆ ವರ್ಷಕ್ಕೆ 150 ಮೀಟರ್ ದಾಟಬೇಡಿ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿ ಟೆಕ್ಸಾಸ್‌ನಲ್ಲಿದ್ದೇನೆ. ಹಗುರ ರೈಫಲ್ ಕೊಳ್ಳಬಹುದೇ? ಅಥವಾ ಗೆಳೆಯರದನ್ನು ಎರವಲು ಪಡೆಯುವುದು ಸುರಕ್ಷಿತವೇ?
— ಒಬ್ಬ ಓದುಗರು, ಆಸ್ಟಿನ್

ಉತ್ತರ: ಗ್ರೀನ್ ಕಾರ್ಡ್ ಇದ್ದವರಿಗೆ ಇಲ್ಲದ ತೊಡಕು ನಿಮಗಿದೆ. ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಅಥವಾ ತೋಟೆಯನ್ನು ಹೊಂದುವುದನ್ನು ಅಮೆರಿಕದ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ನಿಮ್ಮಲ್ಲಿದ್ದರೆ ಈ ನಿಷೇಧದಿಂದ ವಿನಾಯಿತಿ ಸಿಗುತ್ತದೆ. ಎರವಲು ಪಡೆದದ್ದೂ ಹೊಂದಿದಂತೆಯೇ ಆಗುವುದರಿಂದ ಗೆಳೆಯರ ರೈಫಲ್ಲನ್ನು ಮುಟ್ಟುವ ಮೊದಲೇ ಪರವಾನಗಿ ಕೈಯಲ್ಲಿರಲಿ. ಅವಧಿ ಮುಗಿಯುತ್ತಿದ್ದಂತೆ ವಿನಾಯಿತಿಯೂ ಮುಗಿಯುತ್ತದೆ ಎಂಬುದು ನೆನಪಿರಲಿ. ಇಲ್ಲಿ ತಪ್ಪಿದರೆ ಶಿಕ್ಷೆಯ ಜೊತೆಗೆ ವಲಸೆಯ ಕಡತಕ್ಕೂ ಧಕ್ಕೆಯಾಗುವುದರಿಂದ, ಕೊಳ್ಳುವ ಮುನ್ನ ವಲಸೆ ವಕೀಲರನ್ನು ಕೇಳುವುದು ಒಳ್ಳೆಯದು.

ಪ್ರಶ್ನೆ: ಕಾಫಿ ತೋಟಕ್ಕೆ ಹಂದಿಗಳ ಕಾಟ ವಿಪರೀತವಾಗಿದೆ. ನಮಗೆ ಕೋವಿ ಪರವಾನಗಿಯ ವಿನಾಯಿತಿ ಇದೆ. ಹಳೆಯ ಜೋಡು ನಳಿಗೆಯ ಚರೆ ಕೋವಿಯ ಬದಲು ಹಗುರವಾದ ಬೋಲ್ಟ್ ಆಕ್ಷನ್ ರೈಫಲ್ ಇಟ್ಟುಕೊಳ್ಳಬಹುದೇ?
— ಒಬ್ಬ ಬೆಳೆಗಾರರು, ಸೋಮವಾರಪೇಟೆ

ಉತ್ತರ: ಕೊಡವ ಜನಾಂಗದವರಿಗೂ ಜಮ್ಮಾ (ಕೊಡಗಿನ ಪರಂಪರಾಗತ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ವಿಸ್ತರಿಸಿದೆ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ ವಿನಾಯಿತಿ, ಬೇಟೆಗೆ ಕೊಟ್ಟ ಅನುಮತಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಲ್ಲರಂತೆ ನಿಮಗೂ ಅನ್ವಯಿಸುತ್ತದೆ; ಬೆಳೆ ಹಾಳುಮಾಡುವ ಪ್ರಾಣಿಯನ್ನು ಕೊಲ್ಲಬೇಕಾದರೂ ಮುಖ್ಯ ವನ್ಯಜೀವಿ ಪಾಲಕರ ಅಥವಾ ಅವರಿಂದ ಅಧಿಕಾರ ಪಡೆದವರ ಲಿಖಿತ ಆದೇಶ ಬೇಕು. ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ದೂರು ಕೊಟ್ಟು, ಬೆಳೆ ನಷ್ಟದ ಪರಿಹಾರಕ್ಕೆ ಅರ್ಜಿ ಹಾಕಿ.

ಆದೇಶ ಸಿಕ್ಕಿದರೂ ತೋಟದೊಳಗೆ ರೈಫಲ್ ಬೇಡವೆಂದೇ ಹೇಳುತ್ತೇನೆ. ನಿಮ್ಮ ಜೋಡು ನಳಿಗೆಯ ಕೋವಿಯ ಚರೆಗಳು (ಸಣ್ಣ ಗುಂಡುಗಳು) ಕೆಲವು ನೂರು ಮೀಟರಿನಲ್ಲಿ ಬಲ ಕಳೆದುಕೊಂಡು ಬೀಳುತ್ತವೆ, ರೈಫಲ್ಲಿನ ಗುಂಡಾದರೋ ಮೂರು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಎತ್ತರದ ಗುಡ್ಡಕ್ಕೆ ಕಟ್ಟಿಗೆ ಕಡಿಯಲು ಹೋದವರು, ಪಕ್ಕದ ತೋಟದ ಲೈನ್ ಮನೆಗಳಲ್ಲಿ ಮಲಗಿರುವವರು, ನಸುಕಿನಲ್ಲಿ ಗದ್ದೆಗೆ ನೀರು ತಿರುಗಿಸಲು ಹೊರಟವರು ಯಾರೂ ಮರಗಳ ಮರೆಯಲ್ಲಿ ನಿಮಗೆ ಕಾಣುವುದಿಲ್ಲ.